ಎರಡನೇ ಬೇಸಿಗೆ ಹೋಗುವ ಚೆಂಡು ಪಿಚರ್ ಕೈಗೆ ಯಾಕೆ ಹೋಗುತ್ತಿರಲಿಲ್ಲ

ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಬೇಸ್‌ಬಾಲ್ ಆಡುತ್ತಾರೆ ಅಂದರೆ ಕಲಬುರಗಿ ಕಡೆಯ ನೆಂಟರು ನಗುತ್ತಾರೆ. ನಮಗೆ ಅದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಮಹಾರಾಷ್ಟ್ರದ ಶಾಲಾ ಕ್ರೀಡೆಗಳ ಪಟ್ಟಿಯಲ್ಲಿ ಸಾಫ್ಟ್‌ಬಾಲ್, ಬೇಸ್‌ಬಾಲ್ ಎರಡೂ ಇವೆ. ಕಬಡ್ಡಿ, ಖೋಖೋಗೆ ತಾಲೂಕಿನಲ್ಲೇ ಜಗಳವಾಗುವಷ್ಟು ತಂಡಗಳು ಬರುತ್ತವೆ. ಬೇಸ್‌ಬಾಲ್‌ಗೆ ಅಷ್ಟು ಬರುವುದಿಲ್ಲ. ಜಿಲ್ಲೆ ದಾಟಿ ಆಡಬೇಕು ಅನ್ನುವ ಹುಡುಗರಿಗೆ ಇದು ಹತ್ತಿರದ ದಾರಿ. ಹತ್ತನೇ ತರಗತಿಯಲ್ಲಿ ಕ್ರೀಡೆಗೆ ಸಿಗುವ ಹೆಚ್ಚುವರಿ ಅಂಕದ ಆಸೆಯೂ ಇದೆ, ಸುಳ್ಳು ಯಾಕೆ ಹೇಳಲಿ.

ನಾನು ಈ ತಂಡದ ಕೋಚ್. ಇಲ್ಲಿ ಬರೆಯುತ್ತಿರುವುದು ನಮ್ಮ ಒಬ್ಬ ಕ್ಯಾಚರ್‌ನ ಕತೆ. ಹುಡುಗನ ಹೆಸರು ಬೇಡ. ಆಗ ಅವನಿಗೆ ಹದಿನೈದು ದಾಟಿತ್ತು. ಕುಳ್ಳಗೆ, ಗಟ್ಟಿಯಾಗಿ, ಜೋಳದ ಚೀಲದ ಹಾಗೆ ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹಿಂದೆ ಕೂತನೆಂದರೆ ಚೆಂಡು ಅವನನ್ನು ದಾಟಿ ಹೋಗುತ್ತಿರಲಿಲ್ಲ. ತಂಡಕ್ಕೆ ಇದ್ದದ್ದು ಒಂದೇ ಮಿಟ್, ಅಂದರೆ ಕ್ಯಾಚರ್ ಹಾಕುವ ದಪ್ಪ ಗ್ಲೌಸ್. ಅದರ ಹೊಲಿಗೆ ಬಿಟ್ಟಾಗ ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರ ಹತ್ತಿರ ಅವನೇ ಒಯ್ದು ಹೊಲಿಸಿಕೊಂಡು ಬರುತ್ತಿದ್ದ.

ಕ್ರಿಕೆಟ್ ಮಾತ್ರ ನೋಡಿದವರಿಗೆ ಒಂದು ಮಾತು. ಬೇಸ್‌ಬಾಲ್‌ನಲ್ಲಿ ಪಿಚರ್ ಎಸೆಯುತ್ತಾನೆ, ಬ್ಯಾಟರ್ ಹೊಡೆಯದೆ ಬಿಟ್ಟದ್ದನ್ನು ಕ್ಯಾಚರ್ ಹಿಡಿಯುತ್ತಾನೆ. ಹಿಡಿದು ಪಿಚರ್‌ಗೆ ವಾಪಸ್ ಕೊಡುತ್ತಾನೆ. ದೂರ 18.44 ಮೀಟರ್. ನಮ್ಮ ಮಟ್ಟದ ಪಂದ್ಯದಲ್ಲೂ ಹತ್ತಿರ ಹತ್ತಿರ ನೂರು ಸಲ ಈ ಕೆಲಸ ಇರುತ್ತದೆ. ಯಾರೂ ಅದನ್ನು ಆಟ ಅಂತ ಎಣಿಸುವುದೇ ಇಲ್ಲ. ಊಟದ ನಡುವೆ ನೀರು ಕುಡಿದ ಹಾಗೆ. ಬೇಸ್ ಮೇಲೆ, ಅಂದರೆ ಹೊಡೆದವನು ಸುತ್ತಿ ಬರಬೇಕಾದ ಗುರುತುಗಳಲ್ಲಿ ಒಂದರ ಮೇಲೆ, ಎದುರಾಳಿ ರನ್ನರ್ ಇದ್ದಾಗ ಮಾತ್ರ ಇದಕ್ಕೆ ಬೆಲೆ ಬರುತ್ತದೆ. ಆ ಎಸೆತದ ಹೊತ್ತಿಗೂ ಆಟ ನಿಂತಿರುವುದಿಲ್ಲ. ಚೆಂಡು ಪಿಚರ್ ತಲೆ ಮೇಲೆ ಹಾರಿದರೆ ರನ್ನರ್ ಓಡಿಬಿಡುತ್ತಾನೆ.

ಆದದ್ದು

ಜಿಲ್ಲಾ ಪಂದ್ಯ. ಮಳೆ ಬಂದು ನಿಂತಿತ್ತು. ಸೊಲ್ಲಾಪುರದ ಎರೆಮಣ್ಣು ಬೂಟಿಗೆ ಅಂಟಿ ಹುಡುಗರೆಲ್ಲ ಎರಡೆರಡು ಇಂಚು ಎತ್ತರ ಆಗಿದ್ದರು. ಮೂರನೇ ಬೇಸ್ ಮೇಲೆ ಎದುರಾಳಿ ರನ್ನರ್ ಇದ್ದ. ನಮ್ಮ ಕ್ಯಾಚರ್ ಚೆಂಡು ಹಿಡಿದು ಎಂದಿನಂತೆ ವಾಪಸ್ ಒಗೆದ. ಅದೇ ಹೊತ್ತಿಗೆ ಪಿಚರ್ ರನ್ನರ್ ಕಡೆ ತಿರುಗಿದ್ದ. ಚೆಂಡು ಅವನ ಬಾಯಿಗೆ ಬಿತ್ತು. ತುಟಿ ಸೀಳಿ ರಕ್ತ. ರನ್ನರ್ ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಿದ.

ಆಗ ನಾನು ಗೆರೆಯಾಚೆಯಿಂದ ಕೂಗಿದೆ: "ನೋಡಿ ಒಗಿಯಲೇ! ಕಣ್ಣ ಎಲ್ಲಿಟ್ಟಿ?"

ಹತ್ತು ಸೆಕೆಂಡಿನ ಮಾತು. ಪಿಚರ್ ತುಟಿಗೆ ಎರಡು ಹೊಲಿಗೆ ಬಿದ್ದವು, ವಾರದಲ್ಲಿ ಮಾಯಿತು. ಪಂದ್ಯವನ್ನೂ ಹೇಗೋ ಗೆದ್ದೆವು, ವಿಭಾಗ ಮಟ್ಟಕ್ಕೆ ಹೋಗುವುದು ಖಾತ್ರಿಯಾಯಿತು. ನಾನಂತೂ ಕೂಗಿದ್ದನ್ನು ಮರೆತೇಬಿಟ್ಟೆ.

ಮುಂದಿನ ವಾರ ಅಭ್ಯಾಸದಲ್ಲಿ ಕ್ಯಾಚರ್ ಚೆಂಡನ್ನು ಮಿಟ್‌ಗೆ ಒಂದು ಸಲ ಬಡಿದು ಆಮೇಲೆ ಒಗೆಯತೊಡಗಿದ. ಎರಡು ದಿನದ ನಂತರ ಎರಡು ಸಲ ಬಡಿದ. ಕೈ ಮೇಲೆತ್ತುತ್ತಾನೆ, ನಿಲ್ಲಿಸುತ್ತಾನೆ, ಇಳಿಸುತ್ತಾನೆ, ಮತ್ತೆ ಎತ್ತುತ್ತಾನೆ. ಕೊನೆಗೆ ಬಿಟ್ಟಾಗ ಚೆಂಡು ಪಿಚರ್ ಕಾಲಬುಡಕ್ಕೆ ಬೀಳಬೇಕು, ಇಲ್ಲವೇ ತಲೆ ಮೇಲೆ ಹೋಗಬೇಕು. ವಿಚಿತ್ರ ಏನೆಂದರೆ ಎರಡನೇ ಬೇಸಿಗೆ ಒಗೆಯುವಾಗ ಏನೂ ತೊಂದರೆಯಿಲ್ಲ. ಅದು 38.8 ಮೀಟರ್ ದೂರ, ಎರಡು ಪಟ್ಟಿಗೂ ಜಾಸ್ತಿ. ರನ್ನರ್ ಕದ್ದು ಎರಡನೇ ಬೇಸಿಗೆ ಓಡಿದನೆಂದರೆ ಚೆಂಡು ಎಂದಿನ ಹಾಗೆ ನೇರವಾಗಿ, ಮೊಣಕಾಲ ಎತ್ತರಕ್ಕೆ ಹೋಗಿ ಬೀಳುತ್ತಿತ್ತು.

ನೋವಿರಬಹುದು ಅಂತ ಮೊದಲು ಭುಜ, ಮೊಣಕೈ ತೋರಿಸಿಕೊಂಡು ಬಂದೆವು. ಏನೂ ಇರಲಿಲ್ಲ.

"ಸರ್, ಕೈ ನಂದಲ್ಲ ಅನಸ್ತದ" ಅಂದ ಒಂದು ದಿನ.

ನಾನು ಮಾಡಿದ ಎಡವಟ್ಟು

ಮೂರು ವಾರ ನಾನು ಅವನ ಕೈ ರಿಪೇರಿ ಮಾಡಿದೆ. ಮೊಣಕೈ ಮೇಲೆ, ಬೆರಳು ಹೊಲಿಗೆ ಮೇಲೆ, ಮಣಿಕಟ್ಟು ಸಡಿಲು, ಎಡಗಾಲು ಮುಂದೆ. ದಿನಕ್ಕೆ ನೂರು ಎಸೆತ ಹೆಚ್ಚುವರಿ. ಪಕ್ಕದಲ್ಲಿ ನಿಂತು ಪ್ರತಿಯೊಂದಕ್ಕೂ ಒಂದು ಮಾತು. ನನ್ನ ನೋಟುಬುಕ್ಕಿನಲ್ಲಿ ಲೆಕ್ಕ ಇದೆ: ಮೊದಲ ದಿನ 30 ರಲ್ಲಿ 11 ಸಲ ಕೈ ತಡೆಯಿತು. ಮೂರನೇ ವಾರದ ಕೊನೆಗೆ 30 ರಲ್ಲಿ 22. ತರಬೇತಿ ಜಾಸ್ತಿಯಾದಷ್ಟೂ ರೋಗ ಜಾಸ್ತಿ.

ನನಗೆ ಬುದ್ಧಿ ಬಂದದ್ದು ಅವನ ಮನೆಯಲ್ಲಿ. ಹುಡುಗ ಆಟ ಬಿಡುತ್ತೇನೆ ಅನ್ನುತ್ತಿದ್ದಾನೆ ಅಂತ ಕೇಳಿ ಮಾತಾಡಿಸಲು ಹೋಗಿದ್ದೆ. ಅವನ ತಾಯಿ ಒಲೆ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ಅಂಚು ಹಿಡಿದು ತಿರುಗಿಸುತ್ತದೆ, ಟಪ್ ಟಪ್ ಟಪ್. ಕಣ್ಣು ಒಲೆಯ ಉರಿ ಮೇಲೆ, ಬಾಯಿ ನನ್ನ ಜೊತೆ ಮಾತಿನಲ್ಲಿ. ನಾನು ಸುಮ್ನೆ ಕೇಳಿದೆ, "ಅಕ್ಕಾ, ತಿರುಗಿಸುವಾಗ ಯಾವ ಬೆರಳು ಮೊದಲು ಹೋಗುತ್ತದೆ?" ಆಕೆ ಕೈ ನೋಡಿಕೊಂಡರು. ನಿಧಾನ ಮಾಡಿದರು. ತೋರಿಸಲು ಹೋದರು. ರೊಟ್ಟಿ ಅಂಚಿನಿಂದ ನಡುವಿನ ತನಕ ಸೀಳಿತು.

"ಸುಮ್ನ ಆ ಕಡಿ ಕೂಡ್ರಿ ಸರ್. ನೀವು ಹಿಂಗ ಕೈ ನೋಡಕೋತ ಕೂತ್ರ ರೊಟ್ಟಿ ಹರೀತದ."

ಹಿಟ್ಟನ್ನು ಮತ್ತೆ ಮುದ್ದೆ ಮಾಡಿ ಬಡಿಯಲು ಶುರು ಮಾಡಿದರು. ನಾನು ಆ ಕಡೆ ಕೂತೆ.

ಇದರ ಮೇಲೆ ಪ್ರಯೋಗಗಳೇ ನಡೆದಿವೆ. 2004 ರಲ್ಲಿ ರಾಬ್ ಗ್ರೇ ಅನ್ನುವ ಸಂಶೋಧಕ ನುರಿತ ಬೇಸ್‌ಬಾಲ್ ಬ್ಯಾಟರ್‌ಗಳನ್ನು ಕೃತಕ ಚೆಂಡಿನ ಎದುರು ನಿಲ್ಲಿಸಿದ. ನಡುನಡುವೆ ಒಂದು ಶಬ್ದ ಬರುತ್ತಿತ್ತು. ಒಂದು ಸರದಿಯಲ್ಲಿ, ಶಬ್ದ ಬಂದಾಗ ಬ್ಯಾಟು ಮೇಲೆ ಹೋಗುತ್ತಿತ್ತೋ ಕೆಳಗೆ ಬರುತ್ತಿತ್ತೋ ಹೇಳಬೇಕು. ಇನ್ನೊಂದರಲ್ಲಿ, ಶಬ್ದ ಏರುದನಿಯೋ ಇಳಿದನಿಯೋ ಅಷ್ಟು ಹೇಳಿದರೆ ಸಾಕು. ತಮ್ಮ ಬ್ಯಾಟಿನ ಚಲನೆ ಗಮನಿಸಿದಾಗ ನುರಿತವರ ಹೊಡೆತ ಕೆಟ್ಟಿತು. ಶಬ್ದ ಗಮನಿಸಿದಾಗ ಕೆಡಲಿಲ್ಲ. ಹೊಸಬರ ವಿಷಯದಲ್ಲಿ ಹೀಗಾಗಲಿಲ್ಲ, ಅವರಿಗೆ ಕೈಕಾಲು ನೋಡಿಕೊಳ್ಳುವುದು ಇನ್ನೂ ಬೇಕಿತ್ತು. ಕೋಚ್‌ಗಳು ಎಡವುವುದು ಇಲ್ಲೇ. ಕಲಿಯುವವನಿಗೆ ಹೇಳುವ ಮಾತನ್ನೇ ಕಲಿತವನಿಗೂ ಹೇಳುತ್ತೇವೆ. ಎರಡನೇ ಬೇಸಿಗೆ ಒಗೆಯುವಾಗ ನನ್ನ ಹುಡುಗನಿಗೆ ಕೈ ನೋಡಿಕೊಳ್ಳಲು ಪುರಸತ್ತು ಇರಲಿಲ್ಲ. ಪಿಚರ್‌ಗೆ ಒಗೆಯುವಾಗ ಬೇಕಾದಷ್ಟು ಇತ್ತು.

ನ್ಯೂಯಾರ್ಕಿನ ಕ್ಯಾಚರ್

ಈ ಕಾಟಕ್ಕೆ ಇಂಗ್ಲಿಷಿನಲ್ಲಿ ಯಿಪ್ಸ್ ಅನ್ನುತ್ತಾರೆ. ಗಾಲ್ಫ್‌ನಿಂದ ಬಂದ ಪದ. ನಮ್ಮ ಹುಡುಗರಿಗೆ ಅದು ನಾಯಿಮರಿ ಕೂಗಿದ ಹಾಗೆ ಕೇಳಿಸಿ, ಅವರಿಗೇ ಸಿಕ್ಕ ಹೆಸರು "ಕೈ ಕಚ್ಚುವುದು".

ಒಬ್ಬನಿಗೇ ಬಂದ ಶಾಪ ಇದಲ್ಲ ಅಂತ ಅವನಿಗೆ ತಿಳಿಯಲಿ ಅಂತ ಸ್ಟೀವ್ ಸ್ಯಾಕ್ಸ್ ಕತೆ ಹೇಳಿದೆ. ಅಮೆರಿಕದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಸೆಕೆಂಡ್ ಬೇಸ್‌ಮನ್, ಅಂದರೆ ಎರಡನೇ ಬೇಸ್ ಕಾಯುವವನು. 1982 ರಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರ. 1983 ರಲ್ಲಿ ಪಕ್ಕದಲ್ಲೇ ಇರುವ ಒಂದನೇ ಬೇಸಿಗೆ ಒಗೆಯಲು ಬಾರದೆ ಒದ್ದಾಡಿದ. ಆ ವರ್ಷ 30 ತಪ್ಪು. ಆಮೇಲೆ ಸರಿಹೋದ, ವರ್ಷಗಟ್ಟಲೆ ಚೆನ್ನಾಗಿ ಆಡಿದ. ನಾನು ಬೇಕಂತಲೇ ಸುಖಾಂತದ ಕತೆ ಆರಿಸಿದ್ದೆ.

ಹುಡುಗರ ಕೈಯಲ್ಲಿ ಮೊಬೈಲ್ ಇರುತ್ತದೆ ಅನ್ನುವುದನ್ನು ಮರೆತಿದ್ದೆ. ಎರಡು ದಿನ ಬಿಟ್ಟು ಬಂದು ಮ್ಯಾಕಿ ಸಾಸರ್ ಅನ್ನುವವನ ವಿಡಿಯೋ ತೋರಿಸಿದ. ನ್ಯೂಯಾರ್ಕ್ ಮೆಟ್ಸ್ ತಂಡದ ಕ್ಯಾಚರ್. ಥೇಟ್ ಇವನದೇ ಕಾಯಿಲೆ. ಬೇಸಿಗೆ ಚೆನ್ನಾಗಿ ಒಗೆಯುತ್ತಿದ್ದ, ಪಿಚರ್‌ಗೆ ವಾಪಸ್ ಕೊಡುವಾಗ ಚೆಂಡನ್ನು ಮಿಟ್‌ಗೆ ಬಡಿಯುತ್ತಾ ನಿಲ್ಲುತ್ತಿದ್ದ. 1990 ರಲ್ಲಿ ಹೋಮ್ ಪ್ಲೇಟ್ ಹತ್ತಿರ ಒಬ್ಬ ರನ್ನರ್ ಡಿಕ್ಕಿ ಹೊಡೆದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. ಅವನು ಎಷ್ಟು ಸಲ ಬಡಿಯುತ್ತಾನೆ ಅಂತ ಗ್ಯಾಲರಿಯವರು ಜೋರಾಗಿ ಎಣಿಸುತ್ತಿದ್ದರು.

"ಇವನಿಗಿ ಆರಾಮ ಆಯ್ತೇನ್ರಿ ಸರ್?"

ಆಗಲಿಲ್ಲ. ಕ್ಯಾಚರ್ ಆಗಿ ಅವನ ಆಟ ಹೆಚ್ಚು ಕಡಿಮೆ ಅಲ್ಲಿಗೇ ಮುಗಿಯಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಖರೇನೂ ಇಂಥಾ ರೋಗ ಅದ" ಅಂದ. ಮುಖದಲ್ಲಿ ನಿಜವಾದ ಸಮಾಧಾನ. ಸ್ಯಾಕ್ಸ್ ಗುಣವಾದ ಕತೆ ಅವನಿಗೆ ಕೊಡದಿದ್ದುದನ್ನು ಸಾಸರ್ ಗುಣವಾಗದ ಕತೆ ಕೊಟ್ಟಿತು. ಯಾಕೆ ಅಂತ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಬದಲಾಯಿಸಿದ್ದು

ಮೊದಲ ಬದಲಾವಣೆ ನನ್ನ ಬಾಯಿ. ಕೈ, ಮೊಣಕೈ, ಬೆರಳು ಈ ಪದಗಳು ನಾಲ್ಕು ವಾರ ಮೈದಾನದಲ್ಲಿ ಬಂದ್. ಬಾಯಿ ತಪ್ಪಿದರೆ ತಂಡಕ್ಕೆ ನಾನು ಶೇಂಗಾ ಚಿಕ್ಕಿ ಕೊಡಿಸಬೇಕು. ಮೊದಲ ವಾರ ಆರು ಸಲ ಕೊಡಿಸಿದೆ. ನಾನು ಇಷ್ಟೊಂದು ಮಾತಾಡುತ್ತಿದ್ದೆ ಅಂತ ಗೊತ್ತಾದದ್ದೇ ಅಂಗಡಿಯವನ ಬಿಲ್ ನೋಡಿ.

ಎರಡನೆಯದು ಒಂದು ಪದ. ಅಭ್ಯಾಸ ಮುಗಿದು ನೀರು ಕುಡಿಯುವ ಹೊತ್ತಿನಲ್ಲಿ ಕ್ಯಾಚರ್ ಅರ್ಧ ತುಂಬಿದ ಬಾಟಲಿಯನ್ನು ಅದೇ ಪಿಚರ್‌ಗೆ, ಹೆಚ್ಚು ಕಡಿಮೆ ಅಷ್ಟೇ ದೂರಕ್ಕೆ, "ತಗೋಲೇ" ಅಂತ ಒಗೆದ. ಕೈ ತಡೆಯಲಿಲ್ಲ, ಬಡಿಯಲಿಲ್ಲ. ನೇರ ಎದೆಗೆ. ನಾನು ನೋಡಿದೆ, ಅವನು ನೋಡಲಿಲ್ಲ. ಅವನಿಗೆ ಹೇಳಲೂ ಇಲ್ಲ. ಹೇಳಿದ್ದರೆ ನಾಳೆಯಿಂದ ಬಾಟಲಿಯೂ ಕೈ ಕಚ್ಚುತ್ತಿತ್ತು. ಮರುದಿನ ಇಡೀ ತಂಡಕ್ಕೆ ಒಂದು ನಿಯಮ ಮಾಡಿದೆ: ಯಾರು ಯಾರಿಗೆ ಚೆಂಡು ಕೊಟ್ಟರೂ "ತಗೋ" ಅನ್ನಬೇಕು. "ಒಗಿ" ಅಂದಾಗ ಗಮನ ಒಗೆಯುವವನ ಕೈಗೇ ಹೋಗುತ್ತದೆ. "ತಗೋ" ಅಂದಾಗ ಗಮನ ಎದುರಿನವನ ಕೈಗೆ ಹೋಗುತ್ತದೆ.

ಇದರಿಂದ ಒಂದಿಷ್ಟು ಸರಿಹೋಯಿತು. 30 ರಲ್ಲಿ 22 ಇದ್ದದ್ದು 13, 14 ಕ್ಕೆ ಬಂತು. ಅಲ್ಲಿಗೇ ನಿಂತುಬಿಟ್ಟಿತು.

ಆಗ ಕಂಡದ್ದು ಮೊದಲ ದಿನವೇ ಕಾಣಬೇಕಿತ್ತು. ಒಂದು ಸಂಜೆ ಸುಮ್ನೆ ಕ್ಯಾಚರ್ ಹಿಂದೆ ಹೋಗಿ ಕೂತೆ, ಅವನಿಗೆ ಏನು ಕಾಣುತ್ತದೋ ಅದೇ ಕಾಣುವ ಹಾಗೆ. ಚೆಂಡು ವಾಪಸ್ ಬರುವಾಗ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಮೇಲಿನ ಪಿಚರ್ ತಲೆಯನ್ನು ಒಂದು ಚೂರು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಗ್ಲೌಸ್ ಎದೆಯ ಹತ್ತಿರ ಇರಬೇಕಾದದ್ದು ಬಾಯಿಗೆ ಅಡ್ಡ ಬರುತ್ತಿತ್ತು. ತುಟಿ ಮಾಯ್ದಿತ್ತು, ಹೆದರಿಕೆ ಮಾಯ್ದಿರಲಿಲ್ಲ. ಕ್ಯಾಚರ್‌ಗೆ ದಿನಕ್ಕೆ ನೂರು ಸಲ ಕಾಣುತ್ತಿದ್ದದ್ದು ತನ್ನ ಚೆಂಡಿಗೆ ಹೆದರಿ ಮುಖ ಮುಚ್ಚಿಕೊಳ್ಳುವ ಗೆಳೆಯ. ಕೈ ತಡೆಯದೆ ಇನ್ನೇನು ಮಾಡೀತು?

ಐದು ವಾರ ನಾನು ಒಬ್ಬನಿಗೆ ಔಷಧ ಕೊಡುತ್ತಿದ್ದೆ. ಕಾಯಿಲೆ ಇಬ್ಬರ ನಡುವಿನ 18.44 ಮೀಟರ್‌ನಲ್ಲಿತ್ತು. ಲೆಕ್ಕಕ್ಕೆ ಮೂರನೆಯವನಾಗಿ ನನ್ನನ್ನೂ ಸೇರಿಸಬೇಕು.

ಪಿಚರ್ ಒಪ್ಪಲಿಲ್ಲ. "ನಾ ಎಲ್ಲಿ ಅಂಜೀನ್ರಿ" ಅಂದ. ವಾದ ಮಾಡಲಿಲ್ಲ. ಬೇಸ್‌ಬಾಲ್ ಬದಲು ಟೆನಿಸ್ ಚೆಂಡು ಕೊಟ್ಟೆ. ಇಬ್ಬರೂ ಆರು ಹೆಜ್ಜೆ ದೂರ ನಿಂತು ಒಬ್ಬರಿಗೊಬ್ಬರು "ತಗೋ" ಅನ್ನುತ್ತಾ ಆಡಬೇಕು, ಪಿಚರ್ ಗ್ಲೌಸಿಲ್ಲದೆ ಎರಡೂ ಕೈ ಮುಂದೆ ಚಾಚಿ ಹಿಡಿಯಬೇಕು. ದಿನಕ್ಕೆ ಎರಡೆರಡು ಹೆಜ್ಜೆ ಹಿಂದೆ. ಮೌಂಡ್ ದೂರ ಮುಟ್ಟಿದ ಮೇಲೆ ಗ್ಲೌಸ್, ಅದಾದ ಮೇಲೆ ನಿಜವಾದ ಚೆಂಡು. ಬೇಸ್‌ಬಾಲ್ 142 ರಿಂದ 149 ಗ್ರಾಮ್ ತೂಗುತ್ತದೆ, ಬಾಯಿಗೆ ಬಿದ್ದವನಿಗೆ ಅದು ಇನ್ನೂ ಜಾಸ್ತಿ ಅನಿಸುತ್ತದೆ. ಹತ್ತು ದಿನದ ಹೊತ್ತಿಗೆ ಪಿಚರ್ ಗ್ಲೌಸ್ ಮುಂದೆ ಬಂತು. ಮರುದಿನದಿಂದ ಕ್ಯಾಚರ್ ಕೈ ತಡೆಯುವುದು 30 ರಲ್ಲಿ 4 ಕ್ಕೆ ಇಳಿಯಿತು.

ಕೊನೆಯದು, ತಪ್ಪಾದ ಮೇಲೆ ಏನು ಮಾಡಬೇಕು ಅನ್ನುವುದು. ಇದರಲ್ಲಿ ದೊಡ್ಡ ಹೆಸರು ಕೆನ್ ರವಿಜ್ಜಾ ಅವರದು. ಕ್ಯಾಲಿಫೋರ್ನಿಯಾದ ಫುಲರ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ಬೇಸ್‌ಬಾಲ್ ತಂಡಗಳ ಮನಸ್ಸಿನ ತರಬೇತಿ ನೋಡಿಕೊಂಡವರು. 2018 ರಲ್ಲಿ ತೀರಿಕೊಂಡರು. ಕೆಟ್ಟ ಎಸೆತ ಆಯಿತಾ, ಮೈದಾನದ ಒಂದು ಗೊತ್ತಾದ ಜಾಗ ನೋಡಿ, ಉಸಿರು ಬಿಟ್ಟು, ಮುಂದಿನ ಎಸೆತಕ್ಕೆ ಬಾ ಅನ್ನುವುದು ಅವರ ಪಾಠ. ಫುಲರ್‌ಟನ್ ತಂಡ 2004 ರಲ್ಲಿ 15 ಗೆಲುವು, 16 ಸೋಲಿನಿಂದ ಮೇಲೆದ್ದು ಕಾಲೇಜು ವಿಶ್ವ ಸರಣಿ ಗೆದ್ದಿತು. ಆಗ ಆಟಗಾರರು ಕೂರುವ ಜಾಗದಲ್ಲಿ ಒಂದು ಪುಟ್ಟ ಆಟಿಕೆ ಕಮೋಡ್ ಇಟ್ಟಿದ್ದರು. ತಪ್ಪು ಮಾಡಿದವನು ಬಂದು ಫ್ಲಶ್ ಮಾಡಿ ಹೋಗಬೇಕು!

ನಮ್ಮ ಹುಡುಗರು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. "ನಮ್ಮಲ್ಲಿ ಚೊಂಬು ಇಡಬೇಕ್ರಿ ಸರ್" ಅಂದ ಒಬ್ಬ. ಚೊಂಬು ಇಡಲಿಲ್ಲ. ಕ್ಯಾಚರ್ ತಾನೇ ಒಂದು ದಾರಿ ಮಾಡಿಕೊಂಡ. ಚೆಂಡು ತಪ್ಪಿದರೆ ಹೋಮ್ ಪ್ಲೇಟ್ ಮೇಲಿನ ಮಣ್ಣನ್ನು ಅಂಗೈಯಿಂದ ಒಮ್ಮೆ ಒರೆಸುವುದು, ಒರೆಸುವಾಗ ಉಸಿರು ಬಿಡುವುದು. ನೋಡುವವರಿಗೆ ಪ್ಲೇಟ್ ಸ್ವಚ್ಛ ಮಾಡಿದ ಹಾಗೆ ಕಾಣುತ್ತದೆ. ಮೊದಲೇ ನಾಚಿಕೆ ಸ್ವಭಾವದ ಹುಡುಗನಿಗೆ ಅದು ಮುಖ್ಯವಾಗಿತ್ತು.

ವಿಭಾಗ ಮಟ್ಟದ ಪಂದ್ಯ

ಪುಣೆ ಕಡೆ ಹೋದೆವು. ಮೂರು ಇನಿಂಗ್ಸ್ ಕ್ಯಾಚರ್ ಕೈ ಒಮ್ಮೆಯೂ ತಡೆಯಲಿಲ್ಲ. ನಾಲ್ಕನೆಯದರಲ್ಲಿ ಮೂರನೇ ಬೇಸ್ ಮೇಲೆ ರನ್ನರ್ ಬಂದು ನಿಂತ. ಜಿಲ್ಲಾ ಪಂದ್ಯದಲ್ಲಿ ತುಟಿ ಸೀಳಿದಾಗ ಇದ್ದ ಸ್ಥಿತಿ ಅದೇ. ಚೆಂಡು ಹಿಡಿದ, ಕೈ ಎತ್ತಿದ, ನಿಂತ. ಮಿಟ್‌ಗೆ ಬಡಿದ. ಇನ್ನೊಂದು ಸಲ ಬಡಿದ. ಎದುರು ತಂಡದವರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಮುಂದಿನ ಎಸೆತಕ್ಕೆ ಬೇಲಿಯ ಆಚೆಯಿಂದ ಮರಾಠಿಯಲ್ಲಿ ಎಣಿಕೆ ಶುರುವಾಯಿತು. ಏಕ್, ದೋನ್, ತೀನ್.

ನನ್ನ ಬಾಯಿಗೆ ಮಾತು ಬಂದಿತ್ತು. "ಮೊಣಕೈ" ಅನ್ನುವ ಮೊದಲ ಅಕ್ಷರ ನಾಲಿಗೆ ಮೇಲೆ ಇತ್ತು. ಹುಡುಗನಿಗೆ ಉಸಿರು ಬಿಡು ಅಂತ ಕಲಿಸಿದವನು ನಾನು. ಆಗ ನನ್ನ ಉಸಿರೇ ಸಿಕ್ಕಿಹಾಕಿಕೊಂಡಿತ್ತು. ಕೈಯಲ್ಲಿದ್ದ ಸ್ಕೋರ್ ಶೀಟನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಮನೆಗೆ ಬಂದು ನೋಡಿದರೆ ಮಡಿಕೆಯಲ್ಲಿ ಹರಿದಿತ್ತು. ಕೂಗಲಿಲ್ಲ ಅನ್ನುವುದೊಂದೇ ಆ ದಿನ ನಾನು ಮಾಡಿದ ಕೋಚಿಂಗ್.

ಕೆಲಸ ಮಾಡಿದವನು ಪಿಚರ್. ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ. ಅವನು ಮೌಂಡ್ ಬಿಟ್ಟು ಅರ್ಧ ದಾರಿ ನಡೆದು ಬಂದು ಗ್ಲೌಸನ್ನು ಮುಂದೆ ಚಾಚಿ ನಿಂತ, ಅಂಗಡಿಯಲ್ಲಿ ಚಿಲ್ಲರೆ ಕೇಳುವವನ ಹಾಗೆ. ಕ್ಯಾಚರ್ ಚೆಂಡು ಕೊಟ್ಟ. ಮುಂದಿನ ಮೂರು ಎಸೆತಕ್ಕೂ ಹಾಗೇ ನಡೆದು ಬಂದ. ಅಂಪೈರ್ ಬೇಗ ಆಡಿ ಅಂತ ಒಂದು ಮಾತು ಅಂದರು. ನಾಲ್ಕನೆಯದಕ್ಕೆ ಪಿಚರ್ ಮೌಂಡ್ ಮೇಲೇ ನಿಂತ. ಕ್ಯಾಚರ್ ಅಂಗೈಯಿಂದ ಪ್ಲೇಟ್ ಒರೆಸಿದ, ಎದ್ದ, ಒಗೆದ. ಎತ್ತರಕ್ಕೆ ಹೋಯಿತು, ಆದರೆ ಪಿಚರ್ ಹಾರಿ ಹಿಡಿದ. ಬೇಲಿಯಾಚೆ "ಏಕ್" ಅಂದವರು ಅಲ್ಲಿಗೇ ನಿಲ್ಲಿಸಬೇಕಾಯಿತು.

ಪಂದ್ಯ ಸೋತೆವು. ಕ್ಯಾಚರ್‌ಗೂ ಸೋಲಿಗೂ ಸಂಬಂಧವಿಲ್ಲ, ನಮ್ಮವರಿಗೆ ಬ್ಯಾಟಿಂಗ್ ಬರಲಿಲ್ಲ ಅಷ್ಟೇ. ವಾಪಸ್ ಬರುವ ಎಸ್‌ಟಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಟೆಂಭೂರ್ಣಿ ಬರುವ ಮೊದಲೇ ನಿದ್ದೆ ಹೋಗಿದ್ದರು.

ಈಗ ಅವನು ಹನ್ನೊಂದನೇ ತರಗತಿ. ಕಾಲೇಜು ತಂಡಕ್ಕೂ ಅವನೇ ಕ್ಯಾಚರ್, ಸಂಜೆ ಹೊತ್ತು ನಮ್ಮ ಮೈದಾನಕ್ಕೆ ಬರುತ್ತಾನೆ. ಪೂರ್ತಿ ಗುಣವಾಗಿದೆ ಅನ್ನಲಾರೆ. ಮಳೆ ಬಂದು ಚೆಂಡು ಒದ್ದೆಯಾದ ದಿನ, ಅಥವಾ ಹೊಸ ಪಿಚರ್ ಎದುರಿಗೆ ನಿಂತ ದಿನ, ಈಗಲೂ ಒಮ್ಮೊಮ್ಮೆ ಮಿಟ್‌ಗೆ ಬಡಿಯುತ್ತಾನೆ. ನಾನು ನೋಟುಬುಕ್ಕು ಮುಚ್ಚಿಟ್ಟಿದ್ದೇನೆ, ಎಣಿಸುವುದಿಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ. ನಿನ್ನೆ ಮೂರು ಸಲ.